ಯಾರಿಗೂ ಬೇಡದ ಸೋಮವಾರ

ಎರಡು ವರ್ಷದಿಂದ ಈ ಊರಿನಲ್ಲಿ ಸೋಮವಾರ ಬಂದಿರಲಿಲ್ಲ. ಯಾರಿಗೂ ಅದು ಬೇಕಿರಲಿಲ್ಲ. ಇಲ್ಲಿಯವರು ದಿನಾ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಸೇರುತ್ತಾರೆ. ಹಲ್ಲುಜ್ಜುತ್ತಲೇ ಮಾತಾಡಿ ಇವತ್ತು ಯಾವ ವಾರ ಎಂದು ತೀರ್ಮಾನಿಸುತ್ತಾರೆ. ಆಮೇಲೆ ಡಂಗುರದ ತಾಮ್ರಯ್ಯ ಅದನ್ನು ಬೀದಿ ಬೀದಿಗೆ ಸಾರಿಕೊಂಡು ಹೋಗುತ್ತಾನೆ. ಬದನೆ ಬಲಿತಿದ್ದರೆ ಸಂತೆಯ ಮಂಗಳವಾರ. ನೆಂಟರು ಬಂದಿದ್ದರೆ ಭಾನುವಾರ. ಒಂದು ಮದುವೆ ಚೆನ್ನಾಗಿ ನಡೆಯಿತೆಂದು ಹನ್ನೊಂದು ದಿನ ಶುಕ್ರವಾರವನ್ನೇ ಇಟ್ಟುಕೊಂಡಿದ್ದರು. ಹನ್ನೆರಡನೆಯ ಬೆಳಿಗ್ಗೆ ಮದುಮಗನೇ ಕಟ್ಟೆಗೆ ಬಂದು ಸಾಕು ಎಂದು ಬೇಡಿಕೊಂಡ.

ನಾವು ಹದಿನಾಲ್ಕು ಮನೆಯವರು ಈ ಊರಿನವರಲ್ಲ. ನಮ್ಮ ನಾಡಿನಲ್ಲಿ ಹೊಸದಾಗಿ ಅಧಿಕಾರ ಹಿಡಿದವರು ಮಲ್ಲಯ್ಯನ ಗುಡಿಗೆ ಬೀಗ ಹಾಕಿದರು. ನಮ್ಮನ್ನು ಲಾರಿಗಳಲ್ಲಿ ತುಂಬಿ ಗಡಿಯ ಆಚೆ ಇಳಿಸಿದರು. ಅಲ್ಲಿಂದ ನಡೆದು ಬಂದೆವು. ಈ ಊರು ನಮಗೆ ಇರಲು ಒಂದು ಓಣಿ ಕೊಟ್ಟಿತು, ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯಲ್ಲಿ ಕೆಲಸ ಕೊಟ್ಟಿತು. ಇವರಿಗೆ ದೇವರಿಲ್ಲ. ಇವರ ಹೆಸರುಗಳೆಲ್ಲ ಕಾಳು, ಹೂವು, ಲೋಹ. ನಮ್ಮ ದೇವರನ್ನು ಬೈಯುವುದೂ ಇಲ್ಲ. ನಾವು ಕಣ್ಣು ಮುಚ್ಚಿ ಕೂತಾಗ ಯಾರಾದರೂ ಬಂದು ಮುಖದ ಮುಂದೆ ಕೈಯಾಡಿಸಿ ನೋಡುತ್ತಾರೆ, ಅಷ್ಟೆ.

ಮಲ್ಲಯ್ಯ ನಮ್ಮಿಂದ ಕೇಳಿರುವುದು ಏಳರಲ್ಲಿ ಒಂದು ದಿನ. ಸೋಮವಾರ ಒಲೆ ಹಚ್ಚುವುದಿಲ್ಲ, ಕೆಲಸಕ್ಕೆ ಹೋಗುವುದಿಲ್ಲ, ಹಿಂದಿನ ದಿನ ಮಾಡಿಟ್ಟದ್ದನ್ನು ಒಪ್ಪೊತ್ತು ಉಣ್ಣುತ್ತೇವೆ, ಒಟ್ಟಿಗೆ ಕೂತು ಹಾಡುತ್ತೇವೆ. ಇಲ್ಲಿ ಬಿಲ್ವ ಸಿಗುವುದಿಲ್ಲ. ತೊಗರಿಯ ಎಲೆಗೂ ಮೂರು ದಳ, ಅದನ್ನೇ ಏರಿಸುತ್ತೇವೆ. ಇದೆಲ್ಲ ಕಷ್ಟವಲ್ಲ. ಕಷ್ಟ ಇರುವುದು ಸೋಮವಾರ ಯಾವಾಗ ಎಂದು ತಿಳಿಯುವುದರಲ್ಲಿ. ಬಂದ ಮೊದಲ ವರ್ಷವೇ ತಾಮ್ರಯ್ಯನ ಡಂಗುರ ಕೇಳಿ ಕೇಳಿ ನಮ್ಮವರ ತಲೆ ಕೆಟ್ಟಿತು. ಮೂರು ಮನೆಯವರು ಮೂರು ಬೇರೆ ದಿನ ಸೋಮವಾರ ಮಾಡಿ, ನಾಲ್ಕನೆಯ ದಿನ ಕೈಕೈ ಮಿಲಾಯಿಸಿದರು. ಆಗ ನಮ್ಮ ಹಿರಿಯರಾದ ಮರುಳಜ್ಜ, ಇನ್ನು ಮುಂದೆ ಒಂದೇ ಮನೆಯವರು ವಾರದ ಲೆಕ್ಕ ಹಿಡಿಯಲಿ, ಉಳಿದವರು ಅವರು ಹೇಳಿದಂತೆ ನಡೆಯಲಿ ಎಂದರು. ನನ್ನ ಗಂಡ ಶರಭನನ್ನು ಆರಿಸಿದರು. ಅವನು ಹಟಮಾರಿ. ಜೊತೆಗೆ, "ಅವನ ಹೆಂಡತಿ ನೀಲಾ ಯೂನಿವರ್ಸಿಟೀಲಿ ಗಣಿತ ಓದಿದಾಳೆ, ತಪ್ಪೋ ಹಾಗೇ ಇಲ್ಲ" ಎಂದರು.

ನಮ್ಮ ಬಾಗಿಲ ಪಕ್ಕದಲ್ಲಿ ಏಳು ರುದ್ರಾಕ್ಷಿಯ ಸರ ತೂಗುಹಾಕಿತ್ತು. ಶರಭ ದಿನಾ ಬೆಳಿಗ್ಗೆ ಒಂದು ಕೆಂಪು ದಾರವನ್ನು ಒಂದು ಮಣಿಯಿಂದ ಬಿಚ್ಚಿ ಮುಂದಿನದಕ್ಕೆ ಕಟ್ಟುತ್ತಿದ್ದ. ಹೊಸ್ತಿಲಲ್ಲಿ ನಿಂತು, ಬಣ್ಣದ ಮನೆಗೆ ಹೊರಟವರಿಗೆ ಇವತ್ತು ಇಂಥ ವಾರ ಎಂದು ಹೇಳುತ್ತಿದ್ದ. ಅವರು ಅದನ್ನು ಒಮ್ಮೆ ಬಾಯಲ್ಲಿ ಅಂದುಕೊಂಡು ಹೋಗುತ್ತಿದ್ದರು.

ಒಂದು ಶನಿವಾರ ಜ್ವರ ಬಂತು. ಮೊದಲು ನಮ್ಮ ಮನೆಗೆ. ಎರಡೇ ದಿನದಲ್ಲಿ ಹದಿನಾಲ್ಕು ಮನೆಗೂ. ನಮ್ಮವರಲ್ಲಿ ಎಚ್ಚರ ಇದ್ದವರೇ ಇರಲಿಲ್ಲ. ಶರಭ ಬೆಳಗಾದರೆ ತೆವಳಿಕೊಂಡು ಹೋಗಿ ದಾರ ದಾಟಿಸಿ ಬಂದು ಮಲಗುತ್ತಿದ್ದ. ಒಂದು ದಿನ ಅವನು ತೀರಿಕೊಂಡ. ಅದೂ ಆಮೇಲಿನದೂ ನನಗೆ ನೆನಪಿಲ್ಲ.

ನಾನು ಎದ್ದು ಹೊಸ್ತಿಲವರೆಗೆ ಬಂದ ದಿನ ಮರುಳಜ್ಜ ಕೋಲೂರಿಕೊಂಡು ಬಂದು ನಿಂತಿದ್ದರು. ಹಿಂದೆ ಇನ್ನು ಮೂವರು, ಗೋಡೆ ಹಿಡಿದುಕೊಂಡು. "ನಮಗ್ಯಾರಿಗೂ ಮೈಮೇಲೆ ಜ್ಞಾನ ಇರ್ಲಿಲ್ಲ ಮಗಳೇ. ಇವತ್ತು ಯಾವ ವಾರ?" ಎಂದರು. ನಾನು ಸರ ನೋಡಿದೆ. ದಾರ ಬುಧವಾರದ ಮಣಿಯಲ್ಲಿತ್ತು.

"ಬುಧವಾರ" ಎಂದೆ.

ಅವರು ಅಂದುಕೊಂಡು ಹೋದರು. ಮಾರನೆಯ ಬೆಳಿಗ್ಗೆ ನಾನು ದಾರವನ್ನು ಗುರುವಾರಕ್ಕೆ ದಾಟಿಸಿದೆ. ಹೀಗೆ ಎಂಟು ತಿಂಗಳು ವಾರ ಹಿಡಿದೆ. ಬಣ್ಣದ ಮನೆಗೆ ಹೋದೆ, ಬಂದೆ. ಉಳಿದ ಹೊತ್ತು ಕೂತೆ.

ಪಕ್ಕದ ಮನೆಯ ಸಜ್ಜಕ್ಕ ಈ ಊರಿನವಳು. ಬಣ್ಣದ ಮನೆಯಲ್ಲಿ ನೂಲಿನ ಲಡಿ ಹಿಂಡುವ ಕೆಲಸ ಅವಳದು. ಒಂದು ಬೆಳಿಗ್ಗೆ ಬಂದು ನನ್ನ ಎದುರಿಗೆ ಕೂತಳು. ನಮ್ಮ ಲೆಕ್ಕಕ್ಕೆ ಅದು ಶನಿವಾರ. ತಾಮ್ರಯ್ಯ ಅಂದು ಭಾನುವಾರ ಸಾರಿದ್ದ, ಹಾಗಾಗಿ ಬಣ್ಣದ ಮನೆಗೆ ರಜ.

"ಏನು ಮಾಡ್ತಿದೀಯ ನೀಲಾ?"

"ಕೂತಿದೀನಿ ಅಕ್ಕ."

"ಅದು ಕಾಣ್ತಿದೆ. ಹಿತ್ತಲಿಗೆ ಹೋಗೋದುಂಟಾ ಯಾವಾಗಾದ್ರೂ?"

"ಇಲ್ಲ. ಯಾಕೆ?"

"ಸುಮ್ನೆ ಕೇಳ್ದೆ. ಹಿತ್ತಲು ಒಳ್ಳೇ ಜಾಗ. ಗಾಳಿ ಬರುತ್ತೆ. ಏನಾದ್ರೂ ಬಿದ್ದಿದ್ರೂ ಬಿದ್ದಿರುತ್ತೆ." ನಾನು ಏಳದ್ದು ನೋಡಿ ಮತ್ತೆ ಶುರುಮಾಡಿದಳು. "ನಮ್ಮನೇಲಿ ಹಾಲಿಗೆ ಹೆಪ್ಪು ಹಾಕೋದು ಯಾವುದ್ರಲ್ಲಿ ಗೊತ್ತಾ? ಚೊಂಬಿನಲ್ಲಿ. ನೆನ್ನೆ ನಮ್ಮ ಯಜಮಾನ ಕತ್ತಲೇಲಿ ಅದನ್ನೇ ಎತ್ಕೊಂಡು ಹೋಗಿ ಕಾಲು ತೊಳ್ಕೊಂಡು ಬಂದ. ಕಾಲು ನುಣ್ಣಗಾಯ್ತು ಅಂತಾನೆ ಬೇರೆ."

"ಕುಡಿಕೆ ಇಲ್ವಾ ಅಕ್ಕ?"

"ಇದ್ವು" ಎಂದು ಅವಳು ಗೋಡೆ ನೋಡಿದಳು. ಅದು ಹಿತ್ತಲ ಕಡೆಯ ಗೋಡೆ.

ಅವಳು ಹೋದ ಮೇಲೆ ನಾನು ಹಿತ್ತಲ ಬಾಗಿಲು ತೆಗೆದೆ. ತೊಂಡೆಬಳ್ಳಿ ತಾನಾಗಿ ಹಬ್ಬಿ ಹಿತ್ತಲ ಜಗಲಿ ಮುಚ್ಚಿತ್ತು. ಬಳ್ಳಿ ಸರಿಸಿದರೆ ಕೆಳಗೆ ಮಣ್ಣಿನ ಕುಡಿಕೆಗಳು. ತಳದಲ್ಲಿ ಒಣಗಿದ ಗಂಜಿ, ಒಂದರಲ್ಲಿ ಇರುವೆ ಗೂಡು. ಬೂದಿ, ತೆಂಗಿನ ನಾರು ಹಾಕಿ ಒಂದೊಂದನ್ನೇ ತಿಕ್ಕಿದೆ. ಬಿಸಿಲಿಗೆ ಒಣಗಿಸಿದೆ. ಬುಟ್ಟಿಯಲ್ಲಿ ಇಟ್ಟುಕೊಂಡು ಅವಳ ಮನೆಗೆ ಹೋದೆ.

ಸಜ್ಜಕ್ಕ ಬುಟ್ಟಿ ನೋಡಿ ಒಳಗೆ ಹೋದಳು. ಕಣ್ಣೊರೆಸಿಕೊಂಡು ಬಂದಳು. ಆಮೇಲೆ ಗೊತ್ತಾಯಿತು, ಈ ಊರಿನಲ್ಲಿ ಅದೊಂದು ಪದ್ಧತಿ. ಕಾಯಿಲೆಯ ಮನೆಗೆ ಗಂಜಿ ಕೊಟ್ಟವರು ಕುಡಿಕೆಯನ್ನು ವಾಪಸು ತರಬಾರದು, ಕೇಳಲೂ ಬಾರದು. ಕಾಯಿಲೆ ಬಿದ್ದವರೇ ಗುಣವಾದ ಮೇಲೆ ತೊಳೆದು ತಂದು ಕೊಡಬೇಕು. ಕೊಡುವವರೆಗೆ ಅವರಿಗೆ ಗುಣವಾಗಿಲ್ಲ ಎಂದೇ ಲೆಕ್ಕ. ಎಂಟು ತಿಂಗಳು ಇಡೀ ಬೀದಿ ನನ್ನನ್ನು ಕಾಯಿಲೆಯವಳೆಂದೇ ನೋಡಿತ್ತು. ಅದು ತಪ್ಪೂ ಆಗಿರಲಿಲ್ಲ.

"ಹನ್ನೆರಡೂ ಇದಾವೆ ಕಣೆ. ಒಂದೂ ಒಡೆದಿಲ್ಲ" ಎಂದು ಸಜ್ಜಕ್ಕ ಸಾಲಾಗಿ ಜೋಡಿಸಿದಳು. "ನಿನ್ನ ಗಂಡ ಮಲಗಿದ ದಿನ ಇದು ತಂದೆ, ಮೊದಲನೇದು. ದಿನಕ್ಕೊಂದು. ಐದನೇದು ತಂದ ದಿನ ಅವನು ಹೋಗ್ಬಿಟ್ಟಿದ್ದ. ನಿನಗೆ ಗೊತ್ತಾಗ್ಲಿಲ್ಲ, ಚಮಚದಲ್ಲಿ ಹುಯ್ದೆ. ಹನ್ನೆರಡಕ್ಕೆ ನನ್ನ ಕುಡಿಕೆ ಮುಗಿದ್ವು. ಹದಿಮೂರನೇ ದಿನ ನಿನ್ನ ಬೈಕೊಂಡು ಲೋಟದಲ್ಲೇ ಗಂಜಿ ತಂದೆ. ನೋಡಿದ್ರೆ ಹೊಸ್ತಿಲಲ್ಲಿ ನಿಂತಿದೀಯ. ಆ ಕೋಲಿನ ಅಜ್ಜ ಏನೋ ಕೇಳ್ತಿದ್ರು. ವಾಪಸು ಹೋಗಿ ನಾನೇ ಕುಡಿದೆ."

ಲೆಕ್ಕ ದೊಡ್ಡದಲ್ಲ. ಮೊದಲ ಕುಡಿಕೆ ಜ್ವರ ಬಂದ ಶನಿವಾರ. ಐದನೆಯದು ಬುಧವಾರ. ಶರಭ ದಾರ ಕಟ್ಟಿ, ಅಂದೇ ಹೋಗಿದ್ದ. ಹನ್ನೆರಡನೆಯದು ಮುಂದಿನ ಬುಧವಾರ. ನಾನು ಎದ್ದು ನಿಂತದ್ದು ಹದಿಮೂರನೆಯ ದಿನ, ಗುರುವಾರ. ಮರುಳಜ್ಜ ಕೇಳಿದಾಗ ನಾನು ಹೇಳಿದ್ದು ಬುಧವಾರ. ಅವನು ಹೋದ ದಿನವನ್ನೇ ನಾನು ಹಾಗೇ ಇಟ್ಟುಕೊಂಡಿದ್ದೆ, ಈ ಊರಿನವರ ಹಾಗೆ. ಎಂಟು ತಿಂಗಳಿಂದ ಹದಿನಾಲ್ಕು ಮನೆಯವರು ಸೋಮವಾರವೆಂದು ಮಾಡಿದ್ದೆಲ್ಲ ಮಂಗಳವಾರ. ಈ ಶನಿವಾರ ಶನಿವಾರವಲ್ಲ, ಭಾನುವಾರ. ತಾಮ್ರಯ್ಯ ಗೊತ್ತಿಲ್ಲದೆ ಸರಿಯಾಗಿ ಸಾರಿದ್ದ.

"ಮುಖ ಯಾಕೆ ಹಾಗಾಯ್ತು?" ಎಂದಳು ಸಜ್ಜಕ್ಕ. ಹೇಳಿದೆ. ಅವಳು ಕೇಳಿಸಿಕೊಂಡಳು. "ಒಂದು ದಿನ ತಾನೇ? ನಾವು ಒಂದ್ಸಲ ಇಡೀ ಮಳೆಗಾಲ ಕಳ್ಕೊಂಡಿದ್ವಿ. ಆಮೇಲೆ ಸಿಕ್ತು."

ಹೇಳದೆ ಇರಬಹುದಿತ್ತು. ನಮ್ಮವರಲ್ಲಿ ಯಾರಿಗೂ ಗೊತ್ತಾಗುವ ದಾರಿಯಿರಲಿಲ್ಲ. ಹೇಳಿದರೆ ಸರವನ್ನು ಬೇರೆ ಮನೆಗೆ ಕೊಡುತ್ತಾರೆ. ಶರಭ ಮುಟ್ಟುತ್ತಿದ್ದ ವಸ್ತುಗಳಲ್ಲಿ ನಾನೂ ದಿನಾ ಮುಟ್ಟುತ್ತಿದ್ದುದು ಅದೊಂದೇ. ಆದರೆ ಮಾರನೆಯ ದಿನ ಸೋಮವಾರ. ಗೊತ್ತಿದ್ದೂ ಅದನ್ನು ಭಾನುವಾರ ಎಂದು ಹೊಸ್ತಿಲಲ್ಲಿ ನಿಂತು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ನಾವು ಸೇರುವುದು ಹಳೆಯ ಹೊಗೆಸೊಪ್ಪಿನ ಗೋದಾಮಿನಲ್ಲಿ. ಎಷ್ಟು ಧೂಪ ಹಾಕಿದರೂ ಅಲ್ಲಿ ಕೆಲವರಿಗೆ ಸೀನು ಬರುತ್ತದೆ. ಮಧ್ಯಾಹ್ನ ಎಲ್ಲರನ್ನೂ ಕರೆಸಿದೆ. ಸರವನ್ನು ಮರುಳಜ್ಜನ ಮುಂದೆ ಇಟ್ಟೆ. ಹೇಳಿದೆ.

"ಲೆಕ್ಕ ತಪ್ಪಿತು ಅಂತಲ್ಲ ಅಜ್ಜ. ನಾನು ಲೆಕ್ಕವನ್ನೇ ಹಾಕಲಿಲ್ಲ. ಕಂಡದ್ದನ್ನ ಹೇಳಿದೆ."

ಒಬ್ಬರು ಸೀನಿದರು. ಮೊದಲು ಬಾಯಿ ತೆಗೆದವರು ಬಸಲಿಂಗಮ್ಮ. ಎಂಬತ್ತು ದಾಟಿದವರು, ಒಂದೂ ಸೋಮವಾರ ಒಪ್ಪೊತ್ತು ಬಿಟ್ಟವರಲ್ಲ.

"ಹಾಗಿದ್ರೆ ನಾನು ಉಪವಾಸ ಬಿದ್ದಿದ್ದು ಮಂಗಳವಾರ?"

"ಹೌದಮ್ಮ."

"ಅದರ ಹಿಂದಿನ ದಿನ ಮೂರು ಹೊತ್ತೂ ಹೊಡೆದಿದೀನಲ್ಲೇ. ನಾಳೆ ಉಪವಾಸ ಅಂತ ಈರುಳ್ಳಿ ಬಜ್ಜಿ ಬೇರೆ. ಮಲ್ಲಯ್ಯನ ದಿನ, ಎಂಟು ತಿಂಗಳು, ಈರುಳ್ಳಿ ಬಜ್ಜಿ."

ಹಿಂದೆ ಯಾರೋ ನಕ್ಕರು. ಬಸಲಿಂಗಮ್ಮ ತಿರುಗಿ ನೋಡಿ, ತಾನೂ ನಗಲು ಶುರುಮಾಡಿದರು. ನಗು ನಿಲ್ಲಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದರು. "ನಾನು ಕೂಗಿದಾಗೆಲ್ಲ ಅವನು ಬಂದಿದಾನೆ ಕಣೆ. ನನಗೆ ಗೊತ್ತಾಗುತ್ತೆ ಅವನು ಬಂದಿದ್ದು. ಅವನಿಗೆ ವಾರ ಗೊತ್ತಿಲ್ದೇ ಇರುತ್ತಾ? ಗೊತ್ತಿದ್ದೂ ಬಂದಿದಾನೆ."

"ಹಾಗಾದ್ರೆ ಮಂಗಳವಾರವೇ ಇರಲಿ ಬಿಡಿ" ಎಂದ ಒಬ್ಬ. "ಅಭ್ಯಾಸ ಆಗಿದೆ."

"ಇರಲಿ ಅಂತ ಇಟ್ಕೊಂಡ್ರೆ ನಮಗೂ ಕಟ್ಟೆಯವರಿಗೂ ಏನು ವ್ಯತ್ಯಾಸ?" ಎಂದರು ಮರುಳಜ್ಜ. "ಅವನು ಬಂದಿದ್ದು ಅವನ ದೊಡ್ಡತನ. ಗೊತ್ತಾದ ಮೇಲೂ ತಪ್ಪು ದಿನ ಕರೆಯೋದು ನಮ್ಮ ಸೋಮಾರಿತನ. ನಾಳೆ ಸೋಮವಾರ." ಸರವನ್ನು ನನ್ನ ಕೈಗೆ ಹಾಕಿದರು. "ದಾರ ನೀನೇ ದಾಟಿಸು. ಬೇರೆಯವರ ಮನೇಲಿದ್ರೆ ತಪ್ಪಲ್ಲ ಅಂತ ಏನು ಗ್ಯಾರಂಟಿ? ನಿನ್ನ ಹತ್ರ ಇದ್ರೆ ತಪ್ಪಿದ್ದನ್ನ ಬಂದು ಹೇಳ್ತೀಯ ಅನ್ನೋದಾದ್ರೂ ಗ್ಯಾರಂಟಿ."

ಆದರೆ ಒಂದು ತೊಡಕಿತ್ತು. ಬಣ್ಣದ ಮನೆಯಲ್ಲಿ ನೀಲಿಯ ಹಂಡೆ ಹೂಡಿಯಾಗಿತ್ತು. ನೀಲಿ ಒಮ್ಮೆ ಹುಳಿಯಲು ಶುರುವಾದರೆ ದಿನವಿಡೀ ಕಲಕುತ್ತಿರಬೇಕು. ಬಿಟ್ಟರೆ ಕೊಳೆತುಹೋಗುತ್ತದೆ. ಊರಿನ ಅರ್ಧ ನೂಲು ಅದಕ್ಕಾಗಿ ಕಾದಿತ್ತು. ನಮ್ಮ ರಜೆಯನ್ನು ನಾವು ಎರಡು ದಿನ ಮೊದಲೇ ತಿಳಿಸಬೇಕೆಂಬುದು ಒಪ್ಪಂದ. ಒಪ್ಪಂದ ಮುರಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಓಣಿಯೂ ಹೋಗುತ್ತದೆ.

"ಕಟ್ಟೆಗೆ ಹೋಗಿ ಹೇಳಬೇಕು" ಎಂದರು ಮರುಳಜ್ಜ. ನಮ್ಮವರು ಆವರೆಗೆ ಕಟ್ಟೆಗೆ ಹೋದವರಲ್ಲ. ಅಲ್ಲಿ ನಿಂತು ದಿನ ಕೇಳಿದರೆ, ದಿನ ಕೊಡುವವರು ಅವರು ಎಂದು ಒಪ್ಪಿದಂತೆ. ಎಲ್ಲರೂ ನನ್ನನ್ನು ನೋಡಿದರು. ದಿನ ಕಳೆದುಕೊಂಡವಳು ನಾನು.

ಬೆಳಿಗ್ಗೆ ದಾರವನ್ನು ಸೋಮವಾರದ ಮಣಿಗೆ ಕಟ್ಟಿ ಹೋದೆ. ಕಟ್ಟೆಯಲ್ಲಿ ಐವತ್ತು ಅರವತ್ತು ಜನ, ಬಾಯಲ್ಲೆಲ್ಲ ಬೇವಿನ ಕಡ್ಡಿ. ಶುಕ್ರವಾರದ ಕಡೆಗೆ ಮಾತು ವಾಲಿತ್ತು. ತಾಮ್ರಯ್ಯ ಡಂಗುರ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದ.

"ಯಾವುದು ಬೇಕವ್ವ ನಿನಗೆ?" ಎಂದ.

"ಬೇಕು ಅಂತ ಬಂದಿಲ್ಲ ಅಣ್ಣ. ಹೇಳೋಕೆ ಬಂದಿದೀನಿ. ಇವತ್ತು ಸೋಮವಾರ. ನಾವು ಕೆಲಸಕ್ಕೆ ಬರಲ್ಲ."

ಕಡ್ಡಿಗಳು ನಿಂತವು. "ಸೋಮವಾರವಾ? ಅದನ್ನ ಯಾರಾದ್ರೂ ಇಟ್ಕೋತಾರಾ?" ಎಂದ ಒಬ್ಬ. "ಎರಡು ವರ್ಷದ ಹಿಂದೆ ಒಂದ್ಸಲ ಇಟ್ಕೊಂಡಿದ್ವಿ, ಊರಿಗೆಲ್ಲ ಬರೀ ಕೆಮ್ಮು" ಎಂದ ಇನ್ನೊಬ್ಬ.

"ಯಾರು ಹೇಳಿದ್ದು ನಿನಗೆ ಸೋಮವಾರ ಅಂತ? ನಿಮ್ಮ ದೇವರಾ?" ಎಂದ ತಾಮ್ರಯ್ಯ. ನಗೆ ಎದ್ದಿತು.

"ಅಲ್ಲ. ಸಜ್ಜಕ್ಕನ ಕುಡಿಕೆ."

ನಗೆ ನಿಂತಿತು. ಗಂಜಿ ಕುಡಿಕೆಯ ಮಾತನ್ನು ಈ ಊರಿನಲ್ಲಿ ಯಾರೂ ತಮಾಷೆಗೆ ಆಡುವುದಿಲ್ಲ. ಸಜ್ಜಕ್ಕ ಜನರನ್ನು ಸರಿಸಿ ಮುಂದೆ ಬಂದಳು. "ಹನ್ನೆರಡು. ನೆನ್ನೆ ತೊಳೆದು ತಂದು ಕೊಟ್ಟಳು. ಹುಡುಗಿಗೆ ಗುಣ ಆಗಿದೆ" ಎಂದಳು. ಗುಂಪಿನಲ್ಲಿ ಒಂದು ಸದ್ದು ಹಾಯಿತು. ನನಗೆ ಗುರುತೇ ಇಲ್ಲದ ಒಬ್ಬ ಹೆಂಗಸು ಬಂದು ನನ್ನ ಕೆನ್ನೆ ಸವರಿ ಹೋದಳು.

"ಎಲ್ಲ ಸರಿ, ಹಂಡೆ ಕಲಕೋರು ಯಾರು?" ಎಂದ ಬಣ್ಣದ ಮನೆಯ ಮೇಸ್ತ್ರಿ.

"ನಿನಗೆ ಕೈಯಿಲ್ವಾ? ನಾನು ಕಲಕ್ತೀನಿ, ನೀನೂ ಬಾ" ಎಂದಳು ಸಜ್ಜಕ್ಕ. "ಇವತ್ತು ಸೋಮವಾರ ಸಾರಿಸ್ರೋ. ಎಂಟು ತಿಂಗಳ ಕಾಯಿಲೆ ವಾಸಿಯಾಗಿದೆ, ನಿಮಗೆ ಬೇಡದೇ ಇರೋ ಒಂದು ದಿನ ಕೊಡೋಕೆ ಏನು ಧಾಡಿ?"

"ಕೊಡೋದಲ್ಲ ಅಕ್ಕ" ಎಂದೆ ನಾನು. "ಅದು ಬಂದಾಗಿದೆ."

"ಆಯ್ತು ಬಿಡೆ, ಬಂದಿದೆಯಂತೆ. ಒಳಗೆ ಕರೀರಿ" ಎಂದಳು.

ತಾಮ್ರಯ್ಯ ಡಂಗುರ ಹೊಡೆದ. ಎರಡು ವರ್ಷದಿಂದ ಹೇಳದ ಮಾತು, ಮೊದಲ ಬೀದಿಯಲ್ಲಿ ಅವನ ನಾಲಿಗೆ ತೊದಲಿತು.

ಊರಿನವರಿಗೆ ಸೋಮವಾರ ಏನು ಮಾಡಬೇಕೆಂದು ಮರೆತುಹೋಗಿತ್ತು. ನೋಡೋಣವೆಂದು ಒಬ್ಬೊಬ್ಬರಾಗಿ ಗೋದಾಮಿನ ಕಡೆ ಬಂದರು. ಬಾಗಿಲಲ್ಲಿ ನಿಂತರು, ಆಮೇಲೆ ಕೂತರು. ನಾವು ತೊಗರಿ ಎಲೆ ಏರಿಸಿ ಹಾಡಿದೆವು. ಅವರು ಕೇಳಿದರು. ಕೈಮುಗಿಯಲಿಲ್ಲ. ನಾವು ಮುಗಿಯಿರಿ ಎನ್ನಲೂ ಇಲ್ಲ. ಹಿಂದಿನ ಸಂಜೆ ಹದಿನಾಲ್ಕು ಮನೆಯಲ್ಲಿ ಕಲಸಿಟ್ಟ ಹುಳಿ ಅನ್ನ ನೂರು ಜನಕ್ಕೆ ಒಂದೊಂದು ತುತ್ತು ಬಂತು. ಬಸಲಿಂಗಮ್ಮ ಉಣ್ಣದೆ ಬಡಿಸಿದರು. ಸಂಜೆ ಸಜ್ಜಕ್ಕ ಮೊಣಕೈವರೆಗೆ ನೀಲಿಯಾಗಿ ಬಂದಳು. ಮೇಸ್ತ್ರಿಯ ಮೀಸೆಯೂ ನೀಲಿ. "ಹಂಡೆ ಜೀವಂತ ಇದೆ" ಎಂದು ಹೇಳಿ ಇಬ್ಬರೂ ಗೋಡೆಗೊರಗಿ ಕೂತರು. ಒಬ್ಬ ಮುದುಕ ಹೆಂಡತಿಗೆ ಹೇಳುತ್ತಿದ್ದ, "ಇಷ್ಟು ಚೆನ್ನಾಗಿರೋ ದಿನಾನ ಇಷ್ಟು ವರ್ಷ ಮುಟ್ಟದೇ ಇದ್ವಲ್ಲೇ."

ಅದನ್ನು ಕೇಳಿದಾಗಲೇ ನನಗೆ ಅರ್ಥವಾಗಬೇಕಿತ್ತು.

ಮಾರನೆಯ ಬೆಳಿಗ್ಗೆ ದಾರ ಕಟ್ಟುತ್ತಿದ್ದಾಗ ಡಂಗುರ ಕೇಳಿಸಿತು. ಸೋಮವಾರ. ಬಾಗಿಲು ತೆಗೆದರೆ ಓಣಿಯ ತುಂಬ ಊರಿನವರು. ಮಿಂದು, ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಹೆಂಗಸರ ಕೈಯಲ್ಲಿ ಹಿಂದಿನ ದಿನವೇ ಮಾಡಿಟ್ಟ ಬುತ್ತಿ. ಕೆಲವರು ತೊಗರಿ ಎಲೆಯನ್ನೂ ಕಿತ್ತು ತಂದಿದ್ದರು, ಒಬ್ಬ ಇಡೀ ಗಿಡವನ್ನೇ. ನಮ್ಮವರು ಅವರವರ ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಮರುಳಜ್ಜನೂ ನೋಡುತ್ತಿದ್ದರು. ಹೇಳಬೇಕಾದದ್ದು ವಾರ ಹಿಡಿದವಳು. ಇಷ್ಟು ಪ್ರೀತಿಯಿಂದ ಬಂದವರಿಗೆ ಇಲ್ಲ ಎನ್ನುವ ಪ್ರಸಂಗ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ. ನಮ್ಮ ಗುಡಿಗೆ ಬೀಗ ಹಾಕಿದವರಿಗೆ ಹಾಗೆ ಹೇಳುವುದು ಸುಲಭವಿತ್ತು.

"ಇವತ್ತು ಮಂಗಳವಾರ" ಎಂದೆ. ಎಲ್ಲರಿಗೂ ಕೇಳಿಸುವಂತೆ ಹೇಳಿದೆ.

ನಮ್ಮವರು ಅದನ್ನು ಬಾಯಲ್ಲಿ ಅಂದುಕೊಂಡರು. ಸೆರಗು ಸಿಕ್ಕಿಸಿ, ಚೀಲ ತೆಗೆದುಕೊಂಡು, ಊರಿನವರ ನಡುವೆ ದಾರಿ ಬಿಡಿಸಿಕೊಂಡು ಬಣ್ಣದ ಮನೆಗೆ ಹೊರಟರು. ನಾನೂ ಹೊರಟೆ. ಸಜ್ಜಕ್ಕ ಮೇಸ್ತ್ರಿಯಿಂದ ಕೀಲಿ ತೆಗೆದುಕೊಂಡು ಗೊಣಗುತ್ತ ಬಂದು ಅದರ ಬೀಗ ತೆಗೆದು ಕೊಟ್ಟಳು. "ನಿನ್ನ ಗಂಡನಿಗಿಂತ ನೀನು ಹೆಚ್ಚು ಹಟಮಾರಿ" ಎಂದಳು. ಬುತ್ತಿ ಹಿಡಿದವರೆಲ್ಲ ನಮ್ಮ ಹಿಂದೆಯೇ ಬಂದು ಬಣ್ಣದ ಮನೆಯ ಅಂಗಳದಲ್ಲಿ ಕೂತರು. ಅವರಿಗೆ ರಜೆ, ನಮಗೆ ಕೆಲಸ. ನಾವು ಲಡಿಗಳನ್ನು ಹಂಡೆಗೆ ಇಳಿಸಿ ಎತ್ತಿದೆವು. ಹಸಿರಾಗಿ ಬಂದದ್ದು ಗಾಳಿ ತಾಗಿ ನೀಲಿಯಾಗುತ್ತ ಹೋಯಿತು. ಅವರು ಉಣ್ಣುತ್ತ ನೋಡಿದರು. ನಮ್ಮ ಬಾಯಿಗೂ ತುತ್ತು ಇಟ್ಟರು, ನಮ್ಮ ಕೈ ಖಾಲಿ ಇರಲಿಲ್ಲ. ಮಂಗಳವಾರ ಉಣ್ಣಲು ಅಡ್ಡಿಯಿಲ್ಲವೆಂದು ಬಸಲಿಂಗಮ್ಮ ನಾಲ್ಕು ಮನೆಯ ಬುತ್ತಿ ರುಚಿ ನೋಡಿದರು.

ತಾಮ್ರಯ್ಯ ನನ್ನ ಹಂಡೆಯ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತ. ಅವನಿಗೆ ಬೇಸರವಾಗಿತ್ತು.

"ಒಂದು ದಿನ ಹೆಚ್ಚಿಗೆ ಕೊಟ್ರೆ ನಿಮ್ಮ ದೇವರು ಬೇಡ ಅಂತಾನಾ?"

"ಅವನು ಕೇಳಿದ್ದು ಒಂದೇ ಅಣ್ಣ. ಅದನ್ನ ಅದರ ಜಾಗದಲ್ಲೇ ಕೊಡಬೇಕು."

"ಮತ್ತೆ ಯಾವಾಗ ಬರುತ್ತೆ ಅದು?"

"ಇವತ್ತಿಂದ ಆರು ದಿನಕ್ಕೆ."

ಅವನು ಬೆರಳು ಮಡಚಿದ. ಎರಡು ಮಡಚಿ ನಿಂತ. ಡಂಗುರ ಹೊಡೆದು ತಲೆ ನರೆತವನಿಗೆ ನಾಳೆಯ ದಿನವನ್ನು ಇವತ್ತು ಎಣಿಸಿ ಅಭ್ಯಾಸವಿರಲಿಲ್ಲ. ನಾನು ನೀಲಿ ಕೈಯಿಂದ ಅವನ ಬೆರಳು ಹಿಡಿದು ತೋರಿಸಿದೆ. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಇನ್ನೊಂದು ಕೈಗೆ ದಾಟಿದೆವು. ಅವನ ಬೆರಳುಗಳೆಲ್ಲ ನೀಲಿಯಾದವು. ಮತ್ತೊಮ್ಮೆ ಮೊದಲಿನಿಂದ ತಾನೇ ಎಣಿಸಿ, ಸರಿಯಾಗಿ ಸೋಮವಾರಕ್ಕೆ ಬಂದು ಮುಟ್ಟಿ, ಬೆರಗಾಗಿ ನನ್ನ ಮುಖ ನೋಡಿದ.

"ಹೀಗೆ ಅದರಷ್ಟಕ್ಕೆ ಅದೇ ಬರೋದಾದ್ರೆ, ನಾನು ಇಷ್ಟು ವರ್ಷ ಬೆಳಿಗ್ಗೆ ಎದ್ದಿದ್ದು ಯಾಕೆ?"

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಕೈಯಲ್ಲಿದ್ದ ಲಡಿ ಜಾರಿ ಹಂಡೆಗೆ ಬಿತ್ತು.